ಮೀಸಲಿಟ್ಟ ಜಾಗ

ಆರನೆಯ ಕುರ್ಚಿಯನ್ನು ಬಿಡಿಸಿ ಅಂಗಳದಲ್ಲಿ ಇಡುತ್ತಿದ್ದಾಗ ಅವಸರಮ್ಮನ ಜೇಬಿನಲ್ಲಿ ಫೋನು ನಡುಗಿತು. ಸಾವಿನ ಮನೆಯಲ್ಲಿ ಫೋನು ನೋಡುವುದು ಚೆನ್ನಾಗಿರುವುದಿಲ್ಲವೆಂದು ಅವಳು ಏಳನೆಯದಕ್ಕೆ ಕೈಹಾಕಿದಳು. ಮತ್ತೆ ನಡುಗಿತು. ಮೂರನೆಯ ಸಲಕ್ಕೆ ತಡೆಯಲಾರದೆ ಗೋಡೆಯ ಕಡೆ ತಿರುಗಿ ತೆಗೆದು ನೋಡಿದಳು. ಆಸ್ಪತ್ರೆಯ ರಕ್ತನಿಧಿಯ ಲೆಕ್ಕವಿಡುವ ಮೆಷಿನ್ನು ತಾನಾಗಿ ಕಳಿಸಿದ ಸಂದೇಶ: ಡಿಸ್ಕಿಗೆ ಬರೆಯಲಾಗುತ್ತಿಲ್ಲ, ದೋಷ. ಅದೇ ಸಾಲು ಹನ್ನೊಂದು ಸಲ ಬಂದಿತ್ತು.

ಅವಸರಮ್ಮ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಇಟ್ಟವರು ಒಳಗೆ ಹಜಾರದಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದರು. ಇಪ್ಪತ್ತಾರು ವರ್ಷ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಂಡ ಮನುಷ್ಯ. ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಆದರೂ ಎಲ್ಲರ ಬಾಯಲ್ಲೂ ಮೇಷ್ಟ್ರು. ಯಾರು ಏನು ಕೇಳಿದರೂ ಪಕ್ಕದ ಕುರ್ಚಿ ಎಳೆದು ಕೂರಿಸಿ ಮೊದಲಿನಿಂದ ಹೇಳುವ ಚಾಳಿ ಅವರಿಗೆ. ಎರಡು ಮಕ್ಕಳ ತಾಯಿಯಾದ ಇವಳು ಆರು ವರ್ಷದಿಂದ ಆ ಕುರ್ಚಿಯಲ್ಲಿ ಕೂತು ಕಲಿತವಳು. ವಾರದಿಂದ ಎದೆ ಭಾರ ಎಂದು ರಜೆ ಹಾಕಿ ಮನೆಯಲ್ಲಿದ್ದ ಮೇಷ್ಟ್ರು ನಿನ್ನೆ, ಬುಧವಾರ ಬೆಳಿಗ್ಗೆ, ಹಲ್ಲುಜ್ಜುತ್ತ ಕುಸಿದವರು ಮತ್ತೆ ಏಳಲಿಲ್ಲ. ಇವತ್ತು ಎರಡು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ವಾಹನ ಬರುವುದಿತ್ತು. ಈಗ ಒಂದೂಕಾಲು.

ಆಫೀಸಿನ ವ್ಯವಸ್ಥಾಪಕ ಫೋನು ಮಾಡಿದ. ಅವನಿಗೂ ಸಂಕೋಚ, ಹತ್ತು ಸಲ ಕ್ಷಮೆ ಕೇಳಿ ವಿಷಯಕ್ಕೆ ಬಂದ. ಮೂರು ಗಂಟೆಗೆ ಒಂದು ಆಪರೇಷನ್ನು. ಹೆಂಗಸಿಗೆ ಅಪರೂಪದ ಗುಂಪಿನ ರಕ್ತ ಬೇಕು. ಫ್ರಿಜ್ಜಿನಲ್ಲಿ ಆ ಗುಂಪಿನ ನಾಲ್ಕು ಚೀಲಗಳಿವೆ, ಆದರೆ ಅವುಗಳಲ್ಲಿ ಪರೀಕ್ಷೆ ಪಾಸಾದ ಎರಡು ಚೀಲ ಯಾವುವು ಎಂಬುದು ಮೆಷಿನ್ನಿಗೆ ಮಾತ್ರ ಗೊತ್ತು. ಹೊಸದಾಗಿ ಪರೀಕ್ಷೆ ಮಾಡಲು ಐದು ಗಂಟೆ ಹಿಡಿಯುತ್ತದೆ.

"ಒಂದ್ಸಲ ಆಫ್ ಮಾಡಿ ಆನ್ ಮಾಡಿಸ್ಲಾ?" ಎಂದ.

"ಬೇಡ ಸಾರ್, ಅರ್ಧಂಬರ್ಧ ಬರೆದದ್ದು ಕೆಟ್ಟುಹೋಗತ್ತೆ, ಯಾರೂ ಮುಟ್ಟಬೇಡಿ. ನಾನು ಇಲ್ಲಿಂದಲೇ ನೋಡ್ತೀನಿ."

ಫೋನಿಡುವ ಮೊದಲೇ ಅವಳಿಗೆ ಕಾರಣ ಹೊಳೆದುಬಿಟ್ಟಿತ್ತು. ಕಾರಣ ಅವಳೇ.

* * *

ಹೋದ ಶುಕ್ರವಾರ ರಕ್ತನಿಧಿಯ ಮೆಷಿನ್ನಿನ ಲಿನಕ್ಸ್ ತಂತ್ರಾಂಶಕ್ಕೆ ಹೊಸ ಆವೃತ್ತಿ ಹಾಕುವ ಮೊದಲು ಅವಳು ಒಂದು ಸ್ನ್ಯಾಪ್‌ಶಾಟ್ ಮಾಡಿಟ್ಟಿದ್ದಳು. ಎಂದರೆ ಮೆಷಿನ್ನು ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಹಿಡಿದಿಡುವುದು. ಕೆಟ್ಟರೆ ಹಿಂದಕ್ಕೆ ಹೋಗಬಹುದು, ಕೆಡದಿದ್ದರೆ ಎರಡು ದಿನದಲ್ಲಿ ತೆಗೆದುಹಾಕಬೇಕು. ಇಲ್ಲವಾದರೆ ಆಮೇಲಿನ ಬದಲಾವಣೆಯೆಲ್ಲ ಬೇರೊಂದು ಕಡತದಲ್ಲಿ ಸೇರುತ್ತ ಊದುತ್ತ ಹೋಗುತ್ತದೆ. ರಕ್ತನಿಧಿಯದು ವರ್ಚುವಲ್ ಮೆಷಿನ್ನು, ದೊಡ್ಡ ಕಂಪ್ಯೂಟರೊಂದರೊಳಗೆ ಬಾಡಿಗೆಗಿದ್ದಂತೆ ಇರುವಂಥದು. ತನ್ನ ಕೋಣೆ ಅರ್ಧ ಖಾಲಿಯಿದೆ ಎಂದೇ ಅದು ನಂಬಿರುತ್ತದೆ. ಮನೆಯೊಡೆಯನ ಉಗ್ರಾಣ ತುಂಬಿದ್ದು ಅದಕ್ಕೆ ತಿಳಿಯುವುದೇ ಇಲ್ಲ, ಬರೆಯಲು ಹೋಗಿ ಕೈ ಸುಟ್ಟುಕೊಂಡಾಗಲೇ ತಿಳಿಯುವುದು.

ಉಗ್ರಾಣ ತುಂಬುತ್ತಿದೆ ಎಂಬ ಎಚ್ಚರಿಕೆ ಮೇಷ್ಟ್ರೊಬ್ಬರ ಫೋನಿಗೇ ಹೋಗುತ್ತಿತ್ತು. ಮಂಗಳವಾರ ಮಧ್ಯಾಹ್ನ ಹಾಸಿಗೆಯಿಂದಲೇ ಅವರು ಅವಳಿಗೆ ಫೋನು ಮಾಡಿದರು. ಅವಳು ಮಗಳ ಶಾಲೆಯಲ್ಲಿ, ಟೀಚರ ಎದುರು ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದಳು.

"ಸ್ನ್ಯಾಪ್‌ಶಾಟ್ ತೆಗೆದುಹಾಕಿದ್ಯಾ?"

"ತೆಗೆದೆ ಸಾರ್."

ಹತ್ತು ನಿಮಿಷದಲ್ಲಿ ಆಫೀಸಿಗೆ ಹೋಗಿ ತೆಗೆದರಾಯಿತು, ಆಗ ಮಾತು ನಿಜವೇ ಆಗುತ್ತದಲ್ಲ ಎಂದುಕೊಂಡಿದ್ದಳು. ಸರಿ, ಆರೋಗ್ಯ ನೋಡ್ಕೋ, ಎಂದು ಕಾಯಿಲೆಯ ಮನುಷ್ಯರೇ ಇವಳಿಗೆ ಹೇಳಿ ಫೋನಿಟ್ಟರು. ಅವರ ದನಿಯನ್ನು ಅವಳು ಕೇಳಿದ್ದು ಅದೇ ಕೊನೆ. ಆಫೀಸಿಗೆ ಹೋದಾಗ ಪ್ರಿಂಟರು ಕೆಟ್ಟಿತ್ತು, ಆಮೇಲೆ ಇನ್ನೇನೋ. ಬುಧವಾರ ಸುದ್ದಿ ಬಂದ ಮೇಲಂತೂ ಅವಳಿಗೆ ಯಾವುದೂ ನೆನಪಾಗಲಿಲ್ಲ.

* * *

ಅವಳ ಲ್ಯಾಪ್‌ಟಾಪು ಆಫೀಸಿನಲ್ಲಿತ್ತು, ಹೋಗಲು ಒಂದು ಗಂಟೆಯ ದಾರಿ. ಹೊರಗಿನಿಂದ ಆಸ್ಪತ್ರೆಯ ಕಂಪ್ಯೂಟರುಗಳೊಳಗೆ ಹೋಗಬಲ್ಲ ಇನ್ನೊಂದು ಲ್ಯಾಪ್‌ಟಾಪು ಇದ್ದದ್ದು ಇದೇ ಮನೆಯಲ್ಲಿ. ಗಂಡನ ಹೆಣದ ಪಕ್ಕ ಕೂತ ಹೆಂಗಸಿನ ಹತ್ತಿರ ಹೋಗಿ ಲ್ಯಾಪ್‌ಟಾಪು ಕೊಡಿ ಎಂದು ಕೇಳುವುದು ಹೇಗೆ? ಅವಸರಮ್ಮ ಹಜಾರದ ಬಾಗಿಲ ತನಕ ಎರಡು ಸಲ ಹೋಗಿ ಎರಡು ಸಲ ವಾಪಸ್ಸು ಬಂದಳು. ಮೂರನೆಯ ಸಲ ಮೇಷ್ಟ್ರ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, ನಾಚಿಕೆಯಿಂದ ಸಾಯುತ್ತ, ಹೇಳಿದಳು.

ಆಕೆ ಎದ್ದು ಪಕ್ಕದ ಕೋಣೆಗೆ ಕರೆದೊಯ್ದು, ಮೇಜಿನ ಮೇಲಿದ್ದ ಲ್ಯಾಪ್‌ಟಾಪು ತೆರೆದು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಪಾಸ್‌ವರ್ಡು ಹಾಕಿದಳು.

"ನಾನಿಲ್ಲದಾಗ ಬೇಕಾಗತ್ತೆ ಅಂತ ಬಾಯಿಪಾಠ ಮಾಡಿಸಿದ್ರು," ಎಂದು ಹೊರಗೆ ಹೋದಳು.

ಆ ಕೋಣೆಯೀಗ ಬಂದವರ ಸಾಮಾನಿನ ಗೋದಾಮು. ಬಾಗಿಲು ತೆರೆದಿದ್ದ ಬೀರುವಿನಲ್ಲಿ ಬಟ್ಟೆ ತುಂಬಿದ ಖಾನೆಗಳ ನಡುವೆ ಒಂದರಲ್ಲಿ ಮಾತ್ರ ನೆಂಟರ ಕೈಚೀಲಗಳು, ಒಂದು ಹೆಲ್ಮೆಟ್ಟು. ಮೇಷ್ಟ್ರು ಹೇಳುತ್ತಿದ್ದ ಖಾಲಿ ಖಾನೆ ಅದೇ ಇರಬೇಕು ಎಂದು ಅವಳಿಗೆ ಅನ್ನಿಸಿತು. ಮದುವೆಯಾದಾಗಿನಿಂದ ಒಂದು ಖಾನೆ ಖಾಲಿ ಇಟ್ಟಿದ್ದಕ್ಕೆ ಮನೆಯಲ್ಲಿ ದಿನಾ ಬೈಗುಳ ತಿಂತೀನಿ ಎಂದು ಮೇಷ್ಟ್ರು ಆಫೀಸಿನಲ್ಲಿ ಹೇಳಿ ನಗುತ್ತಿದ್ದರು. ನನ್ನ ಸೀರೆಗೆ ಜಾಗವಿಲ್ಲ, ನಿಮ್ಮ ಗಾಳಿಗೆ ಜಾಗ ಉಂಟು, ಎಂದು ಆಕೆಯ ವಾದ. ಯಾವತ್ತಾದರೂ ಬೇಕಾಗುತ್ತದೆ ಎಂದು ಇವರದು. ಮೂವತ್ತು ವರ್ಷದಲ್ಲಿ ಇಬ್ಬರೂ ಒಂದಿಂಚು ಸರಿದಿರಲಿಲ್ಲವಂತೆ.

ಅವಸರಮ್ಮ ದೊಡ್ಡ ಕಂಪ್ಯೂಟರಿನೊಳಗೆ ಹೋಗಿ ನೋಡಿದಳು. ಉಗ್ರಾಣ ನೂರಕ್ಕೆ ನೂರು ತುಂಬಿತ್ತು. ಸ್ನ್ಯಾಪ್‌ಶಾಟನ್ನು ತೆಗೆದುಹಾಕಲು ಹೇಳಿದಳು. ಆಗುವುದಿಲ್ಲ ಎಂದಿತು. ಊದಿದ ಕಡತವನ್ನು ಮೂಲ ಡಿಸ್ಕಿಗೆ ಸೇರಿಸಿಕೊಳ್ಳಲೂ ಒಂದಿಷ್ಟು ಜಾಗ ಬೇಕು, ಜಾಗವೇ ಇಲ್ಲ. ಇನ್ನೊಮ್ಮೆ ಹೇಳಿದಳು. ಆಗುವುದಿಲ್ಲ. ವ್ಯವಸ್ಥಾಪಕನ ಫೋನು ಮತ್ತೆ: ಡಾಕ್ಟರು ಕೂಗಾಡುತ್ತಿದ್ದಾರೆ, ಆಫ್ ಮಾಡಿ ಆನ್ ಮಾಡೇಬಿಡೋಣ. ಅಳಿಸಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಎಲ್ಲವೂ ಯಾವುದೋ ವಿಭಾಗದ ಡಿಸ್ಕುಗಳೇ, ಒಂದನ್ನು ಮುಟ್ಟಿದರೂ ಇನ್ನೊಂದು ಮನೆ ಹಾಳು. ಆಫ್ ಮಾಡುವ ಆಜ್ಞೆಯನ್ನು ಟೈಪು ಮಾಡಿ ಎಂಟರ್ ಕೀಲಿಯ ಮೇಲೆ ಬೆರಳಿಟ್ಟಳು.

* * *

ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ಹೀಗೆಯೇ ಬೆರಳಿಟ್ಟಿದ್ದಾಗ ಮೇಷ್ಟ್ರು ತಮ್ಮ ಪೆನ್ನಿನಿಂದ ಆ ಬೆರಳನ್ನು ಮೆಲ್ಲಗೆ ಎತ್ತಿದ್ದರು. ಹೆಸರಿಟ್ಟದ್ದು ಅವತ್ತೇ.

"ಅವಸರಮ್ಮಾ, ಮೊದಲು ಓದು. ಆಮೇಲೆ ಬೇಕಾದ್ರೆ ಹಾಳು ಮಾಡು."

ಓದು ಎಂದರೆ ದಿನಚರಿ. ಪ್ರತಿಯೊಂದು ದೊಡ್ಡ ಕಂಪ್ಯೂಟರಿನಲ್ಲೂ ಅವರೊಂದು ಕಡತ ಇಟ್ಟಿದ್ದರು. ಒಳಗೆ ಬಂದವರು ಮೊದಲು ಅದನ್ನು ಓದಬೇಕು, ಹೋಗುವಾಗ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಬರೆದು ಹೋಗಬೇಕು. ಇನ್ನೂ ಒಂದು ಕಟ್ಟಳೆ ಇತ್ತು: ಇನ್ನೊಬ್ಬರು ಇಟ್ಟದ್ದನ್ನು ಅವರನ್ನು ಕೇಳದೆ ತೆಗೆಯಬಾರದು. ಆ ದಿನಚರಿಯನ್ನು ಓದದೆ ಒಳನುಗ್ಗಿ ಅವಳು ಅವರಿಂದ ಎಷ್ಟು ಸಲ ಪೆನ್ನಿನ ಪೆಟ್ಟು ತಿಂದಿದ್ದಳೋ ಲೆಕ್ಕವಿಲ್ಲ.

* * *

ಅವಳು ಬೆರಳೆತ್ತಿದಳು. ದಿನಚರಿ ತೆರೆದು ಕೊನೆಗೆ ಹೋದಳು. ಕೊನೆಯ ನಮೂದು ಮಂಗಳವಾರ ಸಂಜೆಯದು, ಮೇಷ್ಟ್ರು ಹಾಸಿಗೆಯಿಂದಲೇ ಬರೆದದ್ದು.

"ರಕ್ತನಿಧಿಯ ಸ್ನ್ಯಾಪ್‌ಶಾಟ್ ಇನ್ನೂ ಇದೆ. ತೆಗೆದೆ ಅಂದಳು. ಇನ್ನೂ ಬೇಕಾಗಿರಬೇಕು, ಹೇಳಲು ಹೆದರಿದ್ದಾಳೆ. ನಾನು ಮುಟ್ಟಲಿಲ್ಲ. ಗುರುವಾರ ಕೇಳುತ್ತೇನೆ. ಅಷ್ಟರಲ್ಲಿ ಜಾಗ ಮುಗಿದರೆ 'ಮೀಸಲು' ಎಂಬ ಕಡತ ಅಳಿಸಿ. ಅದರಲ್ಲಿ ಏನೂ ಇಲ್ಲ."

ಇವತ್ತು ಗುರುವಾರ.

ಹುಡುಕಿದರೆ ಅದು ಅಲ್ಲೇ ಮೂಲೆಯಲ್ಲಿತ್ತು. ಒಂಬತ್ತು ವರ್ಷದ ಹಿಂದೆ ಮಾಡಿಟ್ಟ, ಬರೀ ಸೊನ್ನೆ ತುಂಬಿದ ದೊಡ್ಡ ಕಡತ. ಜಾಗ ಹಿಡಿದಿಡುವುದೊಂದೇ ಅದರ ಕೆಲಸ. ಅಳಿಸಿದಳು. ಉಗ್ರಾಣದಲ್ಲಿ ಜಾಗವಾಯಿತು. ಸ್ನ್ಯಾಪ್‌ಶಾಟ್ ತೆಗೆಯಲು ಮತ್ತೆ ಹೇಳಿದಳು. ಈ ಸಲ ಅದು ಸರಿ ಎಂದು ಎಣಿಸತೊಡಗಿತು: ಶೇಕಡಾ ಒಂದು, ಎರಡು, ಎರಡು, ಮೂರು.

ಹೊರಗೆ ವಾಹನ ಬಂದು ನಿಂತ ಸದ್ದಾಯಿತು. ಮೇಷ್ಟ್ರ ಭಾವಮೈದ ಬಾಗಿಲಲ್ಲಿ ಇಣುಕಿ, ಎಲ್ಲರೂ ಹೊರಟು ನಿಂತಿದ್ದಾರೆ, ಇಲ್ಲಿ ಈ ಹೊತ್ತಿನಲ್ಲಿ ಟೈಪಿಂಗ್ ನಡೆದಿದೆಯಲ್ಲ ಎಂದು ಗೊಣಗಿದ. ಡ್ರೈವರು ಇನ್ನೊಂದು ಕಡೆಯೂ ಹೋಗಬೇಕಂತೆ. ಶೇಕಡಾ ನಲವತ್ತು. ಅವಸರಮ್ಮ ಎದ್ದಳು, ಪರದೆ ನೋಡಿದಳು, ಕೂತಳು. ಮೇಷ್ಟ್ರನ್ನು ಬಾಗಿಲ ತನಕವೂ ಕಳಿಸಿಕೊಡಲಾಗುವುದಿಲ್ಲವಲ್ಲ ಎಂದು ಅಳು ನುಗ್ಗಿ ಬಂತು.

ಮೇಷ್ಟ್ರ ಹೆಂಡತಿ ತಮ್ಮನ ಹಿಂದೆ ಬಂದು ನಿಂತಿದ್ದಳು.

"ಇನ್ನೂ ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ ಅಕ್ಕ. ನೀವು ಹೊರಡಿ, ನಾನು..."

"ಅವರು ಅರ್ಧ ಕೆಲಸ ಬಿಟ್ಟು ಎದ್ದವರಲ್ಲ," ಎಂದು ಆಕೆ ತಮ್ಮನ ಕಡೆ ತಿರುಗಿದಳು. "ಡ್ರೈವರ್‌ಗೆ ಕಾಫಿ ಕೊಡು. ಕಾಯಲಿ."

ಆಕೆ ಅಲ್ಲೇ ಮಂಚದ ತುದಿಯಲ್ಲಿ ಕೂತಳು. ಸೇರಿಸುವುದು ಮುಗಿಯಿತು. ಅವಸರಮ್ಮ ರಕ್ತನಿಧಿಯ ಡಿಸ್ಕನ್ನು ಕಳಚಿ, ಮೊದಲಿನಿಂದ ಕೊನೆಯ ತನಕ ತಪಾಸಣೆಗೆ ಬಿಟ್ಟಳು. ಒಂದು ಕಡೆ ತಪ್ಪು ಸಿಕ್ಕಿತು, ಸರಿಪಡಿಸಿಕೊಂಡಿತು. ಇನ್ನೊಂದು ಸಿಕ್ಕಿತು. ಅದೂ ಸರಿಯಾಯಿತು. ಮತ್ತೆ ಜೋಡಿಸಿದಳು. ಎರಡು ನಿಮಿಷದಲ್ಲಿ ವ್ಯವಸ್ಥಾಪಕನ ಫೋನು: ಪಾಸಾದದ್ದು ಎರಡನೆಯದು ಮತ್ತು ನಾಲ್ಕನೆಯದು, ಆ ಚೀಲಗಳು ಆಪರೇಷನ್ನಿನ ಕೋಣೆಗೆ ಹೋದವು.

ಅವಳು ಇನ್ನೊಂದು ದೊಡ್ಡ ಖಾಲಿ ಕಡತ ಮಾಡಿ ಅದಕ್ಕೂ 'ಮೀಸಲು' ಎಂದೇ ಹೆಸರಿಟ್ಟಳು. ಆಮೇಲೆ ದಿನಚರಿಯಲ್ಲಿ, ಮೇಷ್ಟ್ರ ಸಾಲಿನ ಕೆಳಗೆ, ಬರೆದಳು: "ಗುರುವಾರ. ಸ್ನ್ಯಾಪ್‌ಶಾಟ್ ನನಗೆ ಬೇಕಾಗಿರಲಿಲ್ಲ ಸಾರ್. ಮರೆತಿದ್ದೆ. ತೆಗೆದೆ ಎಂದದ್ದು ಸುಳ್ಳು. ಈಗ ತೆಗೆದಿದ್ದೇನೆ."

"ಆಯ್ತು ಅಕ್ಕ," ಎಂದಳು.

ಮೇಷ್ಟ್ರ ಹೆಂಡತಿ ಎದ್ದು ಬಾಗಿಲ ಕಡೆ ಹೊರಟವಳು ಬೀರುವಿನ ಮುಂದೆ ನಿಂತಳು. ಹೊರಗೆ ತಮ್ಮ ಅಕ್ಕಾ ಅಕ್ಕಾ ಎಂದು ಕೂಗುತ್ತಿದ್ದ. ಆಕೆ ಆ ಖಾನೆಯಿಂದ ಕೈಚೀಲಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲಿಟ್ಟಳು, ಹೆಲ್ಮೆಟ್ಟನ್ನೂ ಇಟ್ಟಳು. ಖಾಲಿಯಾದ ಹಲಗೆಯನ್ನು ಅಂಗೈಯಿಂದ ಆ ತುದಿಯಿಂದ ಈ ತುದಿಗೆ ಒರೆಸಿ, ಬೀರುವಿನ ಬಾಗಿಲು ಮುಚ್ಚಿದಳು.