ನೀರು ಕೊಟ್ಟವನು

ಸಚಿವರು ಉತ್ತರ ಓದಿ ಮುಗಿಸಿ ಕನ್ನಡಕ ತೆಗೆದರು. ವಿಚಾರಣೆಗೆಂದು ಠಾಣೆಗೆ ಕರೆತಂದಿದ್ದ ಶಂಭುಲಿಂಗ ಎಂಬಾತ ಎದೆನೋವಿನಿಂದ ಸತ್ತಿದ್ದಾನೆ, ಪೊಲೀಸರು ಅವನ ಮೈ ಮುಟ್ಟಿಲ್ಲ, ಹೊತ್ತುಹೊತ್ತಿಗೆ ಊಟ ನೀರು ಕೊಟ್ಟಿದ್ದಾರೆ ಎಂಬುದು ಆ ಉತ್ತರ. ಓದುವಾಗ ಅವರು ಎಲ್ಲಿಯೂ ತಡವರಿಸಲಿಲ್ಲ.

ನಿರ್ಮಲಾ ಎದ್ದು ನಿಂತರು. ರಾಣೇಬೆನ್ನೂರಿನಲ್ಲಿ ಇಪ್ಪತ್ತೆರಡು ವರ್ಷ ವಕೀಲಿಕೆ ಮಾಡಿದ ಅವರು ವಿಧಾನ ಪರಿಷತ್ತಿಗೆ ಬಂದು ಎರಡು ವರ್ಷವಾಗಿತ್ತು. ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಈ ಒಂದು ಪ್ರಶ್ನೆ ಎತ್ತುವುದಕ್ಕೆ ಆರು ವಾರ ಅಲೆದಿದ್ದರು. ಶಂಭುಲಿಂಗ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲ. ಯಾವುದೋ ಅಂಗಡಿಯ ಕಳವಿನ ಗುಮಾನಿಯ ಮೇಲೆ ಅವನನ್ನು ಜೀಪು ಹತ್ತಿಸಿಕೊಂಡು ಹೋದವರು, ಮೂರನೆಯ ದಿನ ಹೆಂಡತಿ ಸಿದ್ದವ್ವನನ್ನು ಕರೆಸಿ ಹೆಣ ತೋರಿಸಿದ್ದರು.

"ಊಟ ನೀರು ಕೊಟ್ಟೇವಿ ಅಂತೀರಿ. ಯಾರು ಕೊಟ್ಟರು? ಯಾವಾಗ ಕೊಟ್ಟರು?" ನಿರ್ಮಲಾ ಕೇಳಿದರು.

"ಮಾನ್ಯ ಸದಸ್ಯರು ವಕೀಲರು. ಕಥೆ ಕಟ್ಟೋದು ಅವರಿಗೆ ರೂಢಿ," ಎಂದರು ಸಚಿವರು. "ಸಾಕ್ಷಿ ಇದ್ದರೆ ಹೇಳಲಿ."

ಆಡಳಿತ ಪಕ್ಷದ ಸಾಲುಗಳಲ್ಲಿ ನಗೆ ಎದ್ದಿತು. ಸಾಕ್ಷಿ ಇತ್ತು. ಎರಡು ವಾರದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಅದು ನಿರ್ಮಲಾರ ಮನೆಗೇ ಬಂದಿತ್ತು. ಅದೇ ಠಾಣೆಯ ಪೇದೆ, ಹಲಗೇರಿಯ ಸಿದ್ದೇಶ.

"ಇನ್‌ಸ್ಪೆಕ್ಟರ್ ಸಾಹೇಬ್ರು ಹೊಡದ್ರು ರೀ. ಒಂದು ಹನಿ ನೀರು ಕೊಡಬ್ಯಾಡ್ರಿ ಅಂದ್ರು," ಎಂದಿದ್ದ ಅವನು. "ನನಗ ತಡಕೊಳ್ಳಾಕ ಆಗಲಿಲ್ಲ. ನನ್ನ ಊಟದ ಡಬ್ಬಿ ಮುಚ್ಚಳದಾಗ ಎರಡು ಸಲ ಕುಡಿಸೀನಿ. ಉಳಿದವ್ರೆಲ್ಲಾ ಖಾನಾವಳಿಗೆ ಹೋಗ್ತಾರ, ಡಬ್ಬಿ ಕಟಗೊಂಡು ಹೋಗಾಂವ ನಾ ಒಬ್ಬನ. ಇದು ನನ್ನ ಬಾಯಿಂದ ಬಂತಂತ ಗೊತ್ತಾಗಬಾರದ್ರಿ ಅಕ್ಕಾರ. ಮನ್ಯಾಗ ಹೆಂಡ್ತಿ ಬಸುರಿ ಅದಾಳ."

"ನನ್ನ ಮ್ಯಾಲೆ ಬಿಡಪಾ," ಎಂದಿದ್ದರು ನಿರ್ಮಲಾ. ಮನಸಾರೆ ಹೇಳಿದ ಮಾತು ಅದು.

ಸದನದಲ್ಲಿ ನಗೆ ಇನ್ನೂ ನಿಂತಿರಲಿಲ್ಲ. ಸಚಿವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ತಾವೂ ನಕ್ಕರು. ಅಲ್ಲಿಗೆ ನಿರ್ಮಲಾರ ತಾಳ್ಮೆ ಹೋಯಿತು.

"ನಗ್ರಿ, ನಗ್ರಿ!" ಎಂದು ಅವರು ಕೂಗಿದರು. "ನಿಮ್ಮ ಇನ್‌ಸ್ಪೆಕ್ಟರ್ ಆ ಮನುಷ್ಯಾಗ ಹನಿ ನೀರು ಕೊಡಬ್ಯಾಡ ಅಂದ. ಅವ ಕಡೀಗೆ ಕುಡದಿದ್ದು ಒಬ್ಬ ಪೇದೆಯ ಊಟದ ಡಬ್ಬಿ ಮುಚ್ಚಳದಾಗ! ಇದೂ ಕಥೀನ?"

ನಗೆ ನಿಂತಿತು. ವಿರೋಧ ಪಕ್ಷದವರು ಮೇಜು ಗುದ್ದತೊಡಗಿದರು. ಸಚಿವರು ಎದ್ದು, ಮಾನ್ಯ ಸದಸ್ಯರ ಕಳಕಳಿಯನ್ನು ಮೆಚ್ಚುತ್ತೇನೆ, ಸಂಜೆಯೊಳಗೆ ತಪ್ಪಿತಸ್ಥರ ಮೇಲೆ ಕ್ರಮ ಆಗುತ್ತದೆ ಎಂದರು. ಹಿಂದಿನ ಸಾಲಿನವರೊಬ್ಬರು ನಿರ್ಮಲಾರ ಭುಜ ತಟ್ಟಿ, "ಭಾರೀ ಮಾತಾಡಿದ್ರಿ," ಎಂದರು. ಕುಳಿತ ಮೇಲೆ ಮೈಯ ಕಾವು ಇಳಿಯುತ್ತ ಬಂತು. ತಾವು ಆಡಿದ್ದು ಏನೆಂದು ಅವರಿಗೆ ತಿಳಿದದ್ದು ಆಗ. ಫೋನು ತೆಗೆದು ಹೊರಗೆ ಓಡಿದರು. ಸಿದ್ದೇಶನ ಫೋನು ಸ್ವಿಚ್ ಆಫ್ ಆಗಿತ್ತು.

ಸಂಜೆ ಐದರ ಸುದ್ದಿಯಲ್ಲಿ ಅವನ ಫೋಟೋ ಬಂತು. ಶಂಭುಲಿಂಗನನ್ನು ಹೊಡೆದು ಕೊಂದ ಆರೋಪದ ಮೇಲೆ ಪೇದೆಯ ಅಮಾನತು, ಬಂಧನ. ದೂರು ಕೊಟ್ಟವನು ಇನ್‌ಸ್ಪೆಕ್ಟರ್. ತಾನು ಇಲ್ಲದಾಗ ಈ ಪೇದೆ ಒಬ್ಬನೇ ಲಾಕಪ್ಪಿನ ಬಾಗಿಲು ತೆಗೆದು ಒಳಗೆ ಹೋಗಿದ್ದ ಎಂದು ಬರೆದುಕೊಟ್ಟಿದ್ದ. ಬಾಗಿಲು ತೆಗೆದದ್ದು ನಿಜವೇ. ನೀರು ಕುಡಿಸಲು ತೆಗೆದಿದ್ದ.

ಮರುದಿನ ಬೆಳಿಗ್ಗೆ ಮೊಗಸಾಲೆಯಲ್ಲಿ ನಿರ್ಮಲಾ ಸಚಿವರನ್ನು ಅಡ್ಡಗಟ್ಟಿದರು.

"ಅವ ಹೊಡದಿಲ್ರಿ. ನಿಮಗೂ ಗೊತ್ತೈತಿ."

"ಮೇಡಂ, ನೀವು ಕೇಳಿದಿರಿ, ನಾವು ಮಾಡಿದೆವು." ಸಚಿವರು ಚಹಾದ ಕಪ್ಪು ಕೆಳಗಿಡಲಿಲ್ಲ. "ಈಗ ಅವನಲ್ಲ ಅಂತೀರಿ. ಆಗಲಿ. ನಿಮಗೆ ಇದನ್ನೆಲ್ಲ ಹೇಳಿದವನು ಯಾರು, ಹೆಸರು ಕೊಡಿ. ಅವನ ಹೇಳಿಕೆ ತಗೊಳ್ಳೋಣ."

ನಿರ್ಮಲಾ ಕೊಡಬೇಕಾದ ಹೆಸರೂ ಸಿದ್ದೇಶನದೇ. ಕೊಟ್ಟರೆ, ಕೊಂದವನೇ ತನ್ನನ್ನು ಉಳಿಸಿಕೊಳ್ಳಲು ಬಂದು ಕಥೆ ಹೇಳಿದ್ದಾನೆ ಎಂದು ಇವರು ನಾಳೆ ಬರೆಸುತ್ತಾರೆ. ಸಚಿವರು ಅವರ ಮುಖವನ್ನೇ ನೋಡುತ್ತ ಚಹಾ ಮುಗಿಸಿದರು.

ಸದನ ಸೇರಿದ ಕೂಡಲೇ ನಿರ್ಮಲಾ ಮಾತಿಗೆ ಎದ್ದರು. ವಿಷಯ ನ್ಯಾಯಾಲಯದ ಮುಂದಿದೆ, ಚರ್ಚೆಗೆ ಅವಕಾಶವಿಲ್ಲ ಎಂದು ಸಭಾಪತಿಗಳು ಕೂರಿಸಿದರು. ಮತ್ತೆ ಎದ್ದರು. ಮೈಕು ಬಂದ್ ಆಯಿತು. ಅವರ ಪಕ್ಷದ ನಾಯಕರು ತಿರುಗಿ, "ಗೆದ್ದೀರಿ, ಕೂಡ್ರಿ. ಗೆದ್ದಿದ್ದನ್ನ ಕೆಡಿಸ್ಕೋಬ್ಯಾಡ್ರಿ," ಎಂದು ಗದರಿದರು.

ಶನಿವಾರ ನಿರ್ಮಲಾ ಹಲಗೇರಿಗೆ ಹೋದರು. ಸಿದ್ದೇಶನ ಹೆಂಡತಿ ರೋಹಿಣಿ ಬಾಗಿಲಲ್ಲಿ ನಿಂತಳು. ಏಳು ತಿಂಗಳ ಹೊಟ್ಟೆ. ಒಳಗೆ ಬನ್ನಿ ಎನ್ನಲಿಲ್ಲ.

"ಜಾಮೀನಿಗೆ ನಾನ ನಿಂತು ವಾದ ಮಾಡ್ತೀನವಾ," ಎಂದರು ನಿರ್ಮಲಾ.

"ಬ್ಯಾಡ್ರಿ." ರೋಹಿಣಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಮನಿಯವ್ರು ಹೇಳಿ ಕಳಿಸ್ಯಾರ. ನಿಮ್ಮನ್ನ ವಕೀಲರನ್ನ ಮಾಡಿದ್ರ, ನಿಮಗ ಹೇಳಿದಾಂವ ತಾನ ಅಂತ ಖರೇ ಆಗತೈತಂತ. ಈಗ ಠಾಣ್ಯಾಗ ಇವ್ರಿಗೆ ಹೊಡ್ಯಾಕತ್ತಾರ ರೀ. ನೀವು ಬಂದು ಹೋದ್ದು ಗೊತ್ತಾದ್ರ ಮತ್ತ ಹೊಡೀತಾರ. ಲಗೂ ಹೋಗ್ರಿ."

ಎದುರು ಮನೆಯ ಕಿಟಕಿಯಲ್ಲಿ ಯಾರೋ ಫೋನು ಹಿಡಿದು ನಿಂತಿದ್ದರು. ನಿರ್ಮಲಾ ಕಾರು ಹತ್ತಿದರು.

ಭಾನುವಾರ ಬ್ಯಾಡಗಿಯಿಂದ ಸಿದ್ದವ್ವ ನಿರ್ಮಲಾರ ಮನೆಗೆ ಬಂದಳು. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ಕೆಂಪೇರಿದ್ದ ಕೈಗಳಿಂದ ನಿರ್ಮಲಾರ ಕಾಲು ಹಿಡಿದಳು. ಬಿಡಿಸಿಕೊಂಡರೂ ಬಿಡಲಿಲ್ಲ.

"ಆ ಸಿದ್ದೇಶನ್ನ ಒಳಗ ಹಾಕಿಸಿದ್ರಿ ಯವ್ವಾ. ನನ್ನ ಹೊಟ್ಟಿ ತಣ್ಣಗಾತು. ಇನ್‌ಸ್ಪೆಕ್ಟರ್ ಸಾಹೇಬ್ರು ಮನೀಗೆ ಬಂದು ಅವನ ಫೋಟೋ ತೋರಿಸ್ಯಾರ. ಇವನ ನಿನ್ನ ಗಂಡನ್ನ ಕೊಂದಾಂವ ಅಂದ್ರು. ಒಂದ್ಸಲ ಅವನ ಮುಖದ ಮ್ಯಾಲೆ ಉಗುಳಬೇಕ್ರಿ. ಕೋರ್ಟಿಗೆ ಎಂದು ತರತಾರ, ಹೇಳ್ರಿ."

ಸುಮ್ಮನಿದ್ದರೆ ಈ ಹೆಣ್ಣುಮಗಳಾದರೂ ನೆಮ್ಮದಿಯಿಂದ ಹೋಗುತ್ತಾಳೆ ಎಂದು ನಿರ್ಮಲಾರಿಗೆ ಅನಿಸಿತು. ಆ ಯೋಚನೆಗೆ ಅವರಿಗೇ ನಾಚಿಕೆಯಾಯಿತು. ಸಿದ್ದವ್ವನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಎಲ್ಲವನ್ನೂ ಹೇಳಿದರು. ಹೊಡೆದವನು ಇನ್‌ಸ್ಪೆಕ್ಟರ್, ನೀರು ಕೊಟ್ಟವನು ಸಿದ್ದೇಶ, ಅವನ ಗುಟ್ಟನ್ನು ನಾನೇ ಬಿಟ್ಟುಕೊಟ್ಟೆ ಎಂದೂ ಹೇಳಿದರು.

ಸಿದ್ದವ್ವ ಕಣ್ಣು ಮಿಟುಕಿಸದೆ ಕೇಳಿದಳು. ಸೆರಗು ಸರಿಮಾಡಿಕೊಂಡಳು.

"ಅವ್ರು ನಿಮ್ಮ ಮನೀಗೆ ಬಂದಿದ್ರೇನ್ರಿ?"

"ಯಾರು?"

"ಆ ಸಿದ್ದೇಶನ ಕಡ್ಯಾವ್ರು. ಮಾತು ತಿರುಗಿಸ್ರಿ ಅಂತ."

"ಇಲ್ಲವಾ. ಖರೇ ಹೇಳಾಕತ್ತೇನಿ."

"ಹೂನ್ರಿ," ಎಂದಳು ಸಿದ್ದವ್ವ. "ದೊಡ್ಡವ್ರು ನೀವು." ಎದ್ದು ಚಪ್ಪಲಿ ಮೆಟ್ಟಿದಳು. ತಿರುಗಿ ಕೈ ಮುಗಿಯಲಿಲ್ಲ.

ಬ್ಯಾಡಗಿ ಬಸ್ಸು ನಿಲ್ಲುವುದು ನಿರ್ಮಲಾರ ಮನೆಯ ಗೇಟಿನ ಬದಿಗೇ, ಬೇವಿನ ಮರದ ಕೆಳಗೆ. ಸಿದ್ದವ್ವ ಅಲ್ಲಿ ನಿಲ್ಲದೆ ರಸ್ತೆ ದಾಟಿ, ಆಚೆ ಬದಿಯ ಬಿಸಿಲಲ್ಲಿ ಬೆನ್ನು ಈ ಕಡೆ ಮಾಡಿ ನಿಂತಳು. ಮುಕ್ಕಾಲು ಗಂಟೆ ಹಾಗೇ ನಿಂತಿದ್ದಳು. ಬಸ್ಸು ಬಂದಾಗ ಅದರ ಮುಂದಿನಿಂದಲೇ ಓಡಿ ಈ ಬದಿಗೆ ಬಂದು, ತಲೆ ಎತ್ತದೆ ಹತ್ತಿದಳು. ವರಾಂಡದಲ್ಲಿ ನಿಂತಿದ್ದ ನಿರ್ಮಲಾರಿಗೆ ಬಸ್ಸಿನ ಕಿಟಕಿಯೊಂದು ಮುಚ್ಚಿಕೊಂಡದ್ದು ಕಾಣಿಸಿತು.