ಕಸ್ತೂರಕ್ಕನ ಅಳತೆ ಜಂಪರು

ನಾನು ಒಂದು ಜಂಪರು, ಸೀರೆಗೆ ತೊಡುವ ರವಿಕೆ. ಹುಟ್ಟಿದ್ದು ರಾಣೆಬೆನ್ನೂರಿನ ಟೇಲರ್ ಮೌಲಾಲಿಯ ಅಂಗಡಿಯಲ್ಲಿ. ಕಸ್ತೂರಕ್ಕನ ಮೈಗೆ ಎಷ್ಟು ಚೆನ್ನಾಗಿ ಕೂತೆನೆಂದರೆ, ಆಕೆ ನನ್ನನ್ನು ಅಳತೆ ಜಂಪರು ಮಾಡಿಬಿಟ್ಟಳು. ಹೊಸದು ಹೊಲಿಸುವಾಗೆಲ್ಲ ನನ್ನನ್ನು ಹರವಿಕೊಂಡೇ ಮೌಲಾಲಿ ಕತ್ತರಿ ಹಾಕಬೇಕು. ನನಗೆ ಸೊಕ್ಕು ನೆತ್ತಿಗೇರಿತ್ತು.

ಒಮ್ಮೆ ಹೊಸ ಜಂಪರು ದೊಗಳೆಯಾಯಿತು. ಕಸ್ತೂರಕ್ಕ ಅಂಗಡಿಗೆ ನುಗ್ಗಿದಳು.

“ಏನೋ ಮೌಲಾಲಿ, ಇದರಾಗ ನಾನೂ ನನ್ನ ತಂಗಿ ಇಬ್ಬರೂ ಹಿಡಸ್ತೀವಲ್ಲೋ.”

“ಅಳತಿ ಜಂಪರಕಿಂತ ಒಂದು ನೂಲು ಹೆಚ್ಚಿಲ್ಲರಿ ಅಕ್ಕಾರ.”

ಬಿಚ್ಚಿ ಹೊಲಿದ. ಮತ್ತೆ ದೊಗಳೆ. ಕಡೆಗೆ ಅವನ ಹೆಂಡತಿ ಹಸೀನಾ ನನ್ನನ್ನೇ ಆಕೆಗೆ ತೊಡಿಸಿ ನೋಡಿದಳು. ನಾನೂ ಹೆಗಲಿನಿಂದ ಜಾರಿದೆ.

ಕಸ್ತೂರಕ್ಕನಿಗೆ ಖುಷಿಯೋ ಖುಷಿ. ಹೊಟ್ಟೆ ತುಂಬ ರೊಟ್ಟಿ ತಿಂದೂ ತೆಳ್ಳಗಾಗಿದ್ದೇನೆಂದು ತಂಗಿಗೆ ಫೋನು ಮಾಡಿ ಹೊಟ್ಟೆ ಉರಿಸಿದಳು. ಚಳಿಗಾಲದಲ್ಲೂ ಬೆವರು, ಕೈ ನಡುಗಿ ಬಸಿಯ ಚಹಾ ಚೆಲ್ಲುವುದು, ಎದೆ ಡವಡವ, ಸೊಂಟ ನೋವು. ಇವನ್ನೆಲ್ಲ ಆಕೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

“ಥೈರಾಯ್ಡ್ ಇರಬೇಕು,” ಎಂದ ಗಂಡ ಫಕೀರಪ್ಪ.

“ಕ್ಯಾನ್ಸರ್ ಆದಾಗ ಅದನ್ನ ಪೂರಾ ಕೊಯ್ದು ತಗದಾರ. ಇಲ್ಲದ್ದು ಹೆಂಗ ಕಾಡತೈತಿ?”

ಆದರೂ ಅವನು ಬಿಡದೆ ಹುಬ್ಬಳ್ಳಿಗೆ ಕರೆದೊಯ್ದ. ಪಿನ್ನು ಹಾಕಿ ಬಿಗಿಮಾಡಿಕೊಂಡು ಆಕೆ ನನ್ನನ್ನೇ ತೊಟ್ಟಿದ್ದಳು. ಗ್ರಂಥಿ ಕೊಯ್ದು ತೆಗೆದಾಗಿನಿಂದ ಆಕೆ ದಿನವೂ ನುಂಗುತ್ತಿದ್ದ ಥೈರಾಯ್ಡ್ ಮಾತ್ರೆಯನ್ನು ಡಾಕ್ಟರಮ್ಮ ನಿಲ್ಲಿಸಿ ನೋಡಿದರು. ರಕ್ತದಲ್ಲಿ ಹಾರ್ಮೋನು ಇಳಿಯಲೇ ಇಲ್ಲ. ಸ್ಕ್ಯಾನ್ ಮಾಡಿಸಿದರು.

“ಹಳೇ ಕ್ಯಾನ್ಸರ್ ಸೊಂಟದ ಎಲುಬಿಗೆ ಹಬ್ಬಿದೆ. ಅಲ್ಲೇ ಕೂತು ಥೈರಾಯ್ಡಿನ ಕೆಲಸ ಮಾಡ್ತಿದೆ, ಬೇಕಾದ್ದಕ್ಕಿಂತ ಹೆಚ್ಚು. ಅದಕ್ಕೇ ಮೈ ಕರಗ್ತಿರೋದು.”

ಕಸ್ತೂರಕ್ಕ ನನಗೆ ಹಾಕಿದ್ದ ಪಿನ್ನು ಮುಟ್ಟಿ ನೋಡಿಕೊಂಡಳು. “ಹಂಗಾರ ನಾನಾಗಿ ಸಣ್ಣ ಆಗಿದ್ದಲ್ಲೇನ್ರಿ?”

“ಚಿಕಿತ್ಸೆ ತಗೊಂಡ್ರೆ ಬಹಳ ವರ್ಷ ಇರಬಹುದು. ಬಿಟ್ರೆ ನಿಮ್ಮ ಹೃದಯ ತಡ್ಕೊಳ್ಳಲ್ಲ.”

ನನಗೆ ನಿಜಕ್ಕೂ ಭಯವಾಯಿತು. ಆಕೆಯ ಎದೆ ನನ್ನನ್ನು ಒಳಗಿನಿಂದ ಗುದ್ದುತ್ತಿತ್ತು.

ಮೊದಲು ಮದ್ದು ಕೊಟ್ಟು ಎದೆಬಡಿತ ತಗ್ಗಿಸಿದರು. ಆಮೇಲೆ ಆ ಕ್ಯಾನ್ಸರ್ ಸುಡಲು ವಿಕಿರಣದ ಅಯೋಡಿನ್ ಕುಡಿಸಿ, ಯಾರೂ ಹತ್ತಿರ ಬರದಂತೆ ಬೇರೆ ಕೋಣೆಯಲ್ಲಿ ಇಟ್ಟರು. ಹಳೆಯ ಬಟ್ಟೆ ತನ್ನಿ ಎಂದಿದ್ದರು, ನಾನೇ ಹೋದೆ. ಫಕೀರಪ್ಪ ಹೊರಗಿನಿಂದ ಗಳಿಗೆಗೊಮ್ಮೆ ಫೋನು ಮಾಡಿ “ಉಂಡಿಯಾ?” ಎನ್ನುತ್ತಿದ್ದ. ಮದುವೆಯಾದಾಗಿನಿಂದ ಅವನು ಅಷ್ಟು ಮಾತಾಡಿದ್ದೇ ಇಲ್ಲ.

ವರ್ಷ ಕಳೆಯಿತು. ಕಾಯಿಲೆ ಪೂರ್ತಿ ಹೋಗಿಲ್ಲ, ಹಿಡಿತದಲ್ಲಿದೆ. ಕಸ್ತೂರಕ್ಕ ದುಂಡಗಾದಳು, ನನ್ನೊಳಗೆ ಹಿಡಿಸದಷ್ಟು. ಅಂಗಡಿಯಲ್ಲಿ ಮೌಲಾಲಿ ವಾಡಿಕೆಯಂತೆ ಕೈ ಚಾಚಿದ.

“ಅಳತಿ ಜಂಪರ ಕೊಡ್ರಿ ಅಕ್ಕಾರ.”

“ಅದನ್ನ ಬಿಡು. ಹಸೀನಾನ್ನ ಕರಿ, ಟೇಪ್ ಹಿಡೀಲಿ. ಈಗ ಇರೋ ಮೈ ಅಳೀರಿ.”

ಈಗ ನಾನು ಅಡುಗೆಕಟ್ಟೆ ಒರೆಸುವ ಅರಿವೆ. ಕೆಲಸ ಹೋಯಿತೆಂಬ ಬೇಸರವಿಲ್ಲ. ಕಸ್ತೂರಕ್ಕ ದಪ್ಪಗಾದಳೆಂದು ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಆಡಿಕೊಳ್ಳಲಿಕ್ಕೆ ಆಕೆ ಇದ್ದಾಳಲ್ಲ.