ಅತ್ತೆಯ ಗಾಡಿ, ಅಳಿಯನ ತಗಡು

ಅತ್ತೆಯ ಗಾಲಿಕುರ್ಚಿ ಎಡಕ್ಕೆ ಎಳೆಯುತ್ತಿತ್ತು. ಅವರ ತಂಗಿಯ ಮನೆ ಇರುವುದು ಬಲಕ್ಕೆ, ಎರಡು ಬೀದಿ ಆಚೆ. ಬರುವ ಭಾನುವಾರ ಯಾರೂ ತಳ್ಳದೆ ತಾವೇ ಗಾಲಿ ತಿರುಗಿಸಿಕೊಂಡು ಅಲ್ಲಿಗೆ ಹೋಗಬೇಕು, ಮನಸಾರೆ ಇಸ್ಪೀಟು ಆಡಬೇಕು ಎಂದು ಅತ್ತೆ ಹಟ ಹಿಡಿದಿದ್ದರು. ಕಾಲು ಸೋತ ಮೇಲೆ ಎರಡು ವರ್ಷದಿಂದ ಅವರು ಒಬ್ಬರೇ ಎಲ್ಲಿಗೂ ಹೋಗಿರಲಿಲ್ಲ.

ಅಳಿಯ ಟರ್ನರ್. ಆರು ಜನ ಸೇರಿ ನಡೆಸುವ ವರ್ಕ್‌ಶಾಪಿನಲ್ಲಿ ಲೋಹ ಕಡೆಯಲು ಇರುವುದೊಂದೇ ಲೇತ್. ಸವೆದ ಎಡಗಾಲಿಗೆ ಅವನು ಅಲ್ಲೇ ಎರಡು ಸಲ ಹೊಸ ಬುಶ್, ಅಂದರೆ ಅಚ್ಚಿನ ಮೇಲೆ ಕೂರುವ ಕೊಳವೆ, ಮಾಡಿ ಹಾಕಿದ್ದ. ಎರಡು ಸಲವೂ ಹೊರಮೈಯ ನಡುವೆ ಸರಿಯಾಗಿ ಕೂರಬೇಕಾದ ತೂತು ಒಂದು ಪಕ್ಕಕ್ಕೆ ಸರಿದು ಕೂತಿತ್ತು.

“ಅಳಿಯಂದಿರೇ, ಈ ಗಾಡಿಗೆ ಕುಣಿಯೋದು ಬರುತ್ತೆ, ನಡೆಯೋದು ಬರಲ್ಲ,” ಎಂದರು ಅತ್ತೆ.

ಅಳಿಯನ ಮುಖ ಕೆಂಪಾಯಿತು. ಶನಿವಾರ ವರ್ಕ್‌ಶಾಪಿಗೆ ಹೋದವನೇ ಲೇತಿಗೆ ವಯಸ್ಸಾಗಿದೆ, ಉಳಿದ ಐದು ಜನ ಸೇರಿ ಅದನ್ನು ಹಾಳು ಮಾಡಿದ್ದಾರೆ ಎಂದು ಗೊಣಗಿದ. ಆ ಐವರಲ್ಲಿ ಒಬ್ಬರಾದ ಅಳತೆಯಕ್ಕ ಪಕ್ಕದಲ್ಲೇ ಇದ್ದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ಅಳತೆ ತಪಾಸಣೆ ಮಾಡಿ ಬಂದವರಾದ್ದರಿಂದ ಆ ಹೆಸರು.

“ಲೇತಿನ ಮೇಲೆ ಗೂಬೆ ಕೂರಿಸ್ಬೇಡ ತಮ್ಮ. ತುಂಡು ಕಚ್ಕೊಳ್ಳೋ ಚಕ್ಕಿನ ಹಿಡಿತ ನೋಡಿದೀಯಾ?”

“ಇಪ್ಪತ್ತು ವರ್ಷ ಪಳಗಿದ ಕಣ್ಣಕ್ಕ ಇದು. ನೋಡಿದ್ರೆ ಗೊತ್ತಾಗುತ್ತೆ.”

ಅಕ್ಕ ವಾದಕ್ಕೆ ಇಳಿಯಲಿಲ್ಲ. ಮೇನ್ ಸ್ವಿಚ್ ಆರಿಸಿದರು. ನೇರವಾದ ಸರಳೊಂದನ್ನು ಚಕ್ಕಿಗೆ ಕಚ್ಚಿಸಿ, ಅದರ ಮೈಗೆ, ಕೂದಲೆಳೆಯ ಓರೆಯನ್ನೂ ತೋರಿಸುವ ಡಯಲ್ ಗೇಜಿನ ಮೊನೆ ತಾಗಿಸಿ, ಕೈಯಿಂದ ಒಂದು ಸುತ್ತು ತಿರುಗಿಸಲು ಹೇಳಿದರು. ಅಲುಗದೆ ನಿಲ್ಲಬೇಕಿದ್ದ ಮುಳ್ಳು ಹದಿನೈದು ಗೆರೆ ಓಡಿ ವಾಪಸ್ ಬಂತು.

“ಇದು ಕಂಡಿತ್ತಾ ನಿನ್ನ ಕಣ್ಣಿಗೆ?”

ಅಳಿಯ ತಲೆ ಕೆರೆದುಕೊಂಡ. ಸರಳನ್ನು ಬಿಚ್ಚಿ, ಚಕ್ಕಿನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಮೂರು ದವಡೆಗಳನ್ನೂ ಹೊರಗೆ ತೆಗೆದರು. ಅವನು ಗಾಳಿಯ ಪೈಪಿಗೆ ಕೈ ಹಾಕಿದಾಗ ಅಕ್ಕ ತಡೆದರು; ಗಾಳಿ ಹೊಡೆದರೆ ಲೋಹದ ಚೂರು ಚಕ್ಕಿನ ಒಳಗೇ ಸೇರುತ್ತದೆ, ಇಲ್ಲವೇ ಕಣ್ಣಿಗೆ ಹಾರುತ್ತದೆ. ಬ್ರಶ್ಶು, ಬಟ್ಟೆ ಹಿಡಿದು ಉಜ್ಜಲು ಕೂತ. ಮೂರನೇ ದವಡೆಯ ಮುಖದಲ್ಲಿ, ಕರಿ ಗ್ರೀಸಿನ ಕೆಳಗೆ, ಉಗುರಿನಷ್ಟು ತಗಡಿನ ತುಂಡೊಂದು ಅಂಟಿತ್ತು. ಒರೆಸಿದರೆ ಹಸಿರು ಬಣ್ಣ.

ಅದು ಅವನ ಮನೆಯ ಟೀಪುಡಿ ಡಬ್ಬಿಯ ತಗಡು. ಹೋದ ತಿಂಗಳು ಯಾವುದೋ ತುಂಡು ಅಲುಗದಂತೆ ದವಡೆಗೆ ಒತ್ತು ಕೊಡಲು ತಾನೇ ಕತ್ತರಿಸಿ ಇಟ್ಟು, ತೆಗೆಯಲು ಮರೆತಿದ್ದ. ಐದು ಜನರನ್ನು ಬೈದುಕೊಂಡದ್ದು ನೆನಪಾಗಿ ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಅಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕೊನೆಗೆ ಅವನೂ ನಕ್ಕ.

ದವಡೆಗಳನ್ನು ನಂಬರಿನ ಪ್ರಕಾರ ಅದರದರ ಸೀಳಿಗೇ ಕೂರಿಸಿ, ಮತ್ತೆ ಸರಳು ಕಚ್ಚಿಸಿ ಡಯಲ್ ಇಟ್ಟರು. ಮುಳ್ಳು ಒಂದೇ ಗೆರೆ ಅಲುಗಿತು.

“ಈಗ ಹೊರಮೈ, ತೂತು ಎರಡನ್ನೂ ಒಂದೇ ಹಿಡಿತದಲ್ಲಿ ಮುಗಿಸು. ನಡುವೆ ಬಿಚ್ಚಿ ತಿರುಗಿಸಿ ಹಾಕಿದ್ರೆ ಮತ್ತೆ ಡಯಲ್ ಇಡ್ಲೇಬೇಕು,” ಎಂದರು ಅಕ್ಕ. ಹಿಂದಿನ ಎರಡು ಸಲವೂ ಅವನು ನಡುವೆ ಬಿಚ್ಚಿದ್ದ. ಈ ಸಲ ಬಿಚ್ಚದೆ ಹೊಸ ಬುಶ್ ಮುಗಿಸಿ, ಸಂಜೆಯೇ ಗಾಲಿಗೆ ಹಾಕಿದ.

ಭಾನುವಾರ ಅತ್ತೆ ಹೊರಟರು. ಮಗಳೂ ಅಳಿಯನೂ ಹತ್ತು ಹೆಜ್ಜೆ ಹಿಂದೆ ನಡೆದರು.

“ಹಿಂದೆ ಬರ್ಬೇಡಿ. ದಾರಿ ಗೊತ್ತು ನಂಗೆ,” ಎಂದರು ಅತ್ತೆ, ತಿರುಗಿಯೂ ನೋಡದೆ.

ಗಾಡಿ ಗೆರೆ ಎಳೆದಂತೆ ನೇರ ಹೋಗಿ, ಮೂಲೆಯಲ್ಲಿ ಬಲಕ್ಕೆ ಹೊರಳಿತು. ಮಗಳ ಕಣ್ಣು ತುಂಬಿ ಬಂತು. ಅಳಿಯ ಸಂತೋಷಕ್ಕೆ ಬೀದಿಯಲ್ಲೇ ಶಿಳ್ಳೆ ಹಾಕಿದ.

ಈಗ ಲೇತಿನ ಪಕ್ಕದ ಮೊಳೆಯಲ್ಲಿ ಒಂದು ಬ್ರಶ್ಶು, ಅದರ ಮೇಲೆ ಆ ಹಸಿರು ತಗಡು. ಯಾರದೆಂದು ಕೇಳಿದರೆ ಅಳಿಯ “ನಂದೇ” ಎನ್ನುತ್ತಾನೆ.

ಒಂದೇ ಲೇತಿನಲ್ಲಿ ಸರದಿಯ ಮೇಲೆ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಕೆಲಸ ಶುರು ಮಾಡುವ ಮುನ್ನ ಮೇನ್ ಆರಿಸಿ, ದವಡೆ ಒರೆಸಿ, ಸರಳು ಕಚ್ಚಿಸಿ, ಡಯಲ್ ಇಟ್ಟು ಕೈಯಿಂದ ಒಂದು ಸುತ್ತು ತಿರುಗಿಸಿ. ಚಕ್ಕು ಬಿಗಿಸುವ ಕೀಲಿಯನ್ನು ಅದರಲ್ಲೇ ಬಿಡದೆ ಮರೆಯದೆ ತೆಗೆದಿಡಿ. ಹತ್ತು ನಿಮಿಷದ ಕೆಲಸ ಅಷ್ಟೇ. ನೀವು ಮಾಡಿದ ಬುಶ್ಶನ್ನು ನಂಬಿಕೊಂಡು ಯಾರೋ ಒಬ್ಬರು ತಂಗಿಯ ಮನೆಗೆ ಹೊರಟಿರುತ್ತಾರೆ.